ಅವಲಕ್ಕಿಯ ಡಬ್ಬಿ

(ಬಾನುಲಿ ಭಾಷಣದ ಬರಹರೂಪ)

ತಬ್ಬಲಿ ಮಕ್ಕಳ ನಡುವೆ ಸೇವೆ ಮಾಡಿದವರಿಗೆ ಸಿಗುವ ಸಂತೋಷದ ಬಗ್ಗೆ ಹದಿನೈದು ನಿಮಿಷ ಮಾತಾಡಬೇಕು ಎಂದು ಬಾನುಲಿ ಕೇಂದ್ರದವರು ಕೇಳಿದಾಗ ನಾನು ಎರಡು ದಿನ ಉತ್ತರ ಕೊಡಲಿಲ್ಲ. ಕಷ್ಟದ ಬಗ್ಗೆ ಕೇಳಿದ್ದರೆ ಕೂಡಲೇ ಒಪ್ಪುತ್ತಿದ್ದೆ. ಮಳೆಗಾಲದಲ್ಲಿ ಒಬ್ಬಳಿಗೆ ಬಂದ ಜ್ವರ ಒಂದೇ ವಾರದಲ್ಲಿ ಹದಿನಾಲ್ಕು ಹಾಸಿಗೆ ಸುತ್ತಿ ಬಂದದ್ದು, ತಿಂಗಳ ಕೊನೆಗೆ ದಿನಸಿ ಅಂಗಡಿಯ ಲೆಕ್ಕದ ಪುಸ್ತಕ ಕಂಡು ಎದೆ ಹೊಡೆದುಕೊಂಡದ್ದು, ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ಆದರೆ ಸಂತೋಷ? ಒಂದು ಮಗು ಅಪ್ಪ ಅಮ್ಮನನ್ನು ಕಳೆದುಕೊಂಡು ಬಂದ ಜಾಗದಲ್ಲಿ ನಿಂತು, "ನನಗೆ ಇಲ್ಲಿ ಸಂತೋಷ ಸಿಕ್ಕಿತು" ಎನ್ನುವುದಕ್ಕೆ ಯಾರಿಗಾದರೂ ನಾಚಿಕೆ ಆಗಬೇಕು. ನನಗೂ ಆಯಿತು. ಆಮೇಲೆ ಒಂದು ಅವಲಕ್ಕಿ ಡಬ್ಬಿ ನೆನಪಾಯಿತು. ಅದರ ಧೈರ್ಯದ ಮೇಲೆ ಇಲ್ಲಿ ಬಂದು ಕುಳಿತಿದ್ದೇನೆ.

ಕರಾವಳಿಯ ಒಂದು ಸಣ್ಣ ಪೇಟೆಯಲ್ಲಿ ಹೆಣ್ಣುಮಕ್ಕಳ ಆಶ್ರಮವೊಂದರಲ್ಲಿ ನಾನು ಇಪ್ಪತ್ತಾರು ವರ್ಷ ವಾರ್ಡನ್ ಆಗಿದ್ದೆ. ಚರ್ಚಿನವರು ನಡೆಸುತ್ತಿದ್ದ ಮನೆ. ಮಂಗಳೂರು ಹೆಂಚಿನ ಮಾಡು, ಮುಂದೆ ಒಂದು ಹಲಸಿನ ಮರ, ಹಿಂದೆ ಬಾವಿ. ಮಕ್ಕಳೆಲ್ಲ ನನ್ನನ್ನು ಅಕ್ಕ ಎನ್ನುತ್ತಿದ್ದರು. ಅಡುಗೆಮನೆ ನೋಡಿಕೊಳ್ಳುತ್ತಿದ್ದ ಹಿರಿಯ ಹೆಂಗಸನ್ನು ಮಕ್ಕಳೂ ನಾನೂ ದೊಡ್ಡಮ್ಮ ಎಂದು ಕರೆಯುತ್ತಿದ್ದೆವು.

ಒಂದು ಜೂನ್ ತಿಂಗಳಲ್ಲಿ ಏಳು ವರ್ಷದ ಒಬ್ಬ ಹುಡುಗಿ ಬಂದಳು. ಹೆಸರು ಬೇಡ. ಈಗ ಅವಳಿಗೆ ಅವಳದೇ ಸಂಸಾರವಿದೆ. ಅಪ್ಪ ಅಮ್ಮ ಇಬ್ಬರೂ ಹೋಗಿದ್ದರು. ದೂರದ ಸಂಬಂಧಿಕರ ಮನೆಯಲ್ಲಿ ಒಂದು ವರ್ಷ ಇದ್ದಳಂತೆ. ಅಲ್ಲಿ ಎಲ್ಲರ ಊಟ ಆದ ಮೇಲೆ ಉಳಿದರೆ ಇವಳಿಗೆ, ಇಲ್ಲದಿದ್ದರೆ ಇಲ್ಲ. ಬಂದ ಮೂರನೇ ವಾರ ಮಲಗುವ ಕೋಣೆಯಲ್ಲಿ ಇರುವೆ ಸಾಲು ಕಾಣಿಸಿತು. ಗೋಡೆಯ ಬುಡದಿಂದ ಹೊರಟ ಸಾಲು ನೇರವಾಗಿ ಅವಳ ತಗಡಿನ ಟ್ರಂಕಿನೊಳಗೆ ಹೋಗುತ್ತಿತ್ತು. ತೆಗೆದು ನೋಡಿದೆ. ಶಾಲೆಯ ಲಂಗದ ಅಡಿಯಲ್ಲಿ, ಹಳೆಯ ಕರ್ಚೀಫಿನಲ್ಲಿ ಕಟ್ಟಿಟ್ಟ ಕುಸುಬಲಕ್ಕಿ ಅನ್ನದ ಉಂಡೆಗಳು. ಕೆಲವು ಕಲ್ಲಿನ ಹಾಗೆ ಒಣಗಿದ್ದವು, ಕೆಲವಕ್ಕೆ ಬೂಷ್ಟು ಹಿಡಿದಿತ್ತು. ದಿನಾ ರಾತ್ರಿ ಊಟದಲ್ಲಿ ಒಂದು ಹಿಡಿ ಎತ್ತಿ ಲಂಗದ ಮಡಿಲಲ್ಲಿ ಅಡಗಿಸಿ ತಂದಿದ್ದಾಳೆ.

ನನಗೆ ಸಿಟ್ಟು ಬಂತು. ಬಯ್ಯಲು ಬಾಯಿ ತೆರೆದಿದ್ದೆ ಕೂಡಾ. ಹಿಂದಿನಿಂದ ಬಂದ ದೊಡ್ಡಮ್ಮ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದರು. "ಬಯ್ಯಬೇಡಿ. ಅದು ಕದ್ದದ್ದಲ್ಲ, ನಾಳೆಗೆ ಇಟ್ಟುಕೊಂಡದ್ದು" ಅಂದರು. ಸಂಜೆ ಅಡುಗೆಮನೆಯಿಂದ ಮುಚ್ಚಳವಿರುವ ಒಂದು ಸ್ಟೀಲ್ ಡಬ್ಬಿ ತಂದರು. ಅದರಲ್ಲಿ ಅವಲಕ್ಕಿ, ಎರಡು ಅಚ್ಚು ಬೆಲ್ಲ. ಹುಡುಗಿಯ ಕೈಗೆ ಕೊಟ್ಟು, "ಇದು ನಿನ್ನದು. ನಿನ್ನ ಟ್ರಂಕಿನಲ್ಲೇ ಇರಲಿ. ಖಾಲಿಯಾದರೆ ನನ್ನ ಹತ್ತಿರ ತಾ, ತುಂಬಿಸಿ ಕೊಡ್ತೇನೆ. ಯಾಕೆ ಅಂತ ಕೇಳುವುದಿಲ್ಲ" ಅಂದರು.

ಮೊದಲ ಕೆಲವು ದಿನ ಹುಡುಗಿ ರಾತ್ರಿ ಎರಡು ಮೂರು ಸಲ ಎದ್ದು ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಿದ್ದಳು. ತಿನ್ನುತ್ತಿರಲಿಲ್ಲ. ಇದೆಯಾ ಎಂದು ನೋಡಿ ಮತ್ತೆ ಮಲಗುತ್ತಿದ್ದಳು. ಆ ಮುಚ್ಚಳದ ಟಕ್ ಎಂಬ ಸದ್ದು ನನ್ನ ಕೋಣೆಗೆ ಕೇಳಿಸುತ್ತಿತ್ತು. ಬರಬರುತ್ತಾ ರಾತ್ರಿಗೆ ಒಂದು ಸಲ ಆಯಿತು. ಆಮೇಲೆ ಯಾವಾಗಲೋ ನಿಂತುಹೋಯಿತು. ನಿಂತದ್ದು ಯಾವಾಗ ಎಂದು ನನಗೂ ತಿಳಿಯಲಿಲ್ಲ.

ಮರುವರ್ಷ ಕ್ರಿಸ್ಮಸ್ ಕಳೆದ ಮೇಲೆ ಐದು ವರ್ಷದ ಇನ್ನೊಂದು ಮಗು ಬಂತು. ಇಡೀ ದಿನ ಅಳು. ರಾತ್ರಿ ಒಂಬತ್ತಕ್ಕೆ ದೀಪ ಆರಿಸಲು ಹೋದಾಗ ನಮ್ಮ ಹುಡುಗಿ ಆ ಮಗುವಿನ ಹಾಸಿಗೆಯ ಪಕ್ಕ ಕುಳಿತಿದ್ದಳು. ಮಗುವಿನ ಮಡಿಲಲ್ಲಿ ಅದೇ ಡಬ್ಬಿ. "ಇದು ಇಟ್ಕೋ. ಇಲ್ಲಿ ಬೆಳಿಗ್ಗೆಯೂ ಊಟ ಕೊಡ್ತಾರೆ. ಆದರೂ ಇಟ್ಕೋ" ಎನ್ನುತ್ತಿದ್ದಳು.

ಬಾಗಿಲಲ್ಲೇ ನಿಂತುಬಿಟ್ಟೆ. ನನ್ನ ಇಪ್ಪತ್ತಾರು ವರ್ಷಗಳಲ್ಲಿ ಇಷ್ಟು ಸಂತೋಷ ಕೊಟ್ಟ ರಾತ್ರಿ ಇನ್ನೊಂದಿಲ್ಲ. ನಾವು ಆ ಹುಡುಗಿಗೆ ಅನ್ನ ಕೊಟ್ಟಿದ್ದೆವು, ಬಟ್ಟೆ ಕೊಟ್ಟಿದ್ದೆವು, ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ, ಅದು ನಮ್ಮ ಕೆಲಸ. ಆದರೆ ಪಡೆಯುವ ಕೈ ಕೊಡುವ ಕೈ ಆದದ್ದನ್ನು ಅವತ್ತು ಕಣ್ಣಾರೆ ಕಂಡೆ. ಈ ಸೇವೆಯಲ್ಲಿ ಸಂತೋಷ ಎನ್ನುವುದಿದ್ದರೆ ಅದು ಇದು. ಇವತ್ತು ನಾನು ಹೇಳಬೇಕೆಂದಿರುವುದೂ ಇಷ್ಟೇ. ಇದನ್ನೇ ಇನ್ನೂ ದೊಡ್ಡ ಪ್ರಮಾಣದಲ್ಲಿ ಬದುಕಿ ತೋರಿಸಿದ ಒಬ್ಬ ತಾಯಿ ನಮ್ಮ ಕಡೆಯವರೇ ಇದ್ದರು. ಅವರ ಕಥೆ ಸ್ವಲ್ಪ ಹೇಳುತ್ತೇನೆ.

ಪಂಡಿತಾ ರಮಾಬಾಯಿ ಎಂದ ಕೂಡಲೇ ನಮಗೆ ಪುಣೆ, ಮುಂಬೈ ನೆನಪಾಗುತ್ತದೆ. ಆದರೆ ಅವರು 1858ರ ಏಪ್ರಿಲ್ 23ರಂದು ಹುಟ್ಟಿದ್ದು ನಮ್ಮ ಘಟ್ಟದ ಗಂಗಾಮೂಲದಲ್ಲಿ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಕಾಡು ಅದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದ ಕಡೆಯವರು. ದೊಡ್ಡ ಸಂಸ್ಕೃತ ಪಂಡಿತರು. ತರುಣರಾಗಿದ್ದಾಗ ಪೇಶ್ವೆಯ ಅರಮನೆಯಲ್ಲಿ ರಾಣಿಯೊಬ್ಬರು ಸಂಸ್ಕೃತ ಶ್ಲೋಕ ಓದುವುದನ್ನು ಕೇಳಿ, ನನ್ನ ಹೆಂಡತಿಗೂ ಕಲಿಸುತ್ತೇನೆ ಎಂದು ಹಟ ತೊಟ್ಟವರು. ಹೆಂಗಸಿಗೆ ಸಂಸ್ಕೃತ ಕಲಿಸಿದ್ದು ಆ ಕಾಲಕ್ಕೆ ಸಣ್ಣ ಅಪರಾಧವಲ್ಲ. ಉಡುಪಿಯಲ್ಲಿ ವಿದ್ವಾಂಸರ ಸಭೆಯ ಮುಂದೆ ನಿಂತು, ಶಾಸ್ತ್ರಗಳಿಂದಲೇ ಆಧಾರ ತೋರಿಸಿ ತಮ್ಮ ನಿಲುವನ್ನು ಸಮರ್ಥಿಸಿಕೊಳ್ಳಬೇಕಾಯಿತು. ಊರಿನ ಕಿರಿಕಿರಿ ಬೇಡವೆಂದು ಕಾಡಿನೊಳಗೆ ಮನೆ ಮಾಡಿಕೊಂಡರು. ಹೀಗೆ ಗಂಡನಿಂದ ಕಲಿತ ಲಕ್ಷ್ಮೀಬಾಯಿಯೇ ಮುಂದೆ ಮಗಳು ರಮಾಬಾಯಿಗೆ ಸಂಸ್ಕೃತ ಕಲಿಸಿದರು.

ರಮಾಬಾಯಿಗೆ ಆರು ತಿಂಗಳಾಗಿದ್ದಾಗ ಮನೆಯವರು ಕಾಡು ಬಿಟ್ಟು ತೀರ್ಥಯಾತ್ರೆಗೆ ಹೊರಟರು. ಮಗುವನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ, ಆಳಿನ ತಲೆಯ ಮೇಲೆ ಹೊರಿಸಿ ಘಟ್ಟ ಇಳಿಸಿದರಂತೆ. ಆ ನಡಿಗೆ ವರ್ಷಗಟ್ಟಲೆ ನಿಲ್ಲಲಿಲ್ಲ. ದೇವಸ್ಥಾನದಿಂದ ದೇವಸ್ಥಾನಕ್ಕೆ, ಪುರಾಣ ಓದಿ ಬಂದ ದಕ್ಷಿಣೆಯಲ್ಲಿ ಜೀವನ. 1870ರ ದಶಕದ ಬರದಲ್ಲಿ ದಕ್ಷಿಣೆ ಕೊಡುವವರೂ ಇಲ್ಲವಾದರು. ಪಂಡಿತರ ಮನೆತನ, ಕೂಲಿಗೆ ಹೋಗಿ ಗೊತ್ತಿಲ್ಲ, ಬೇಡಲು ಮಾನ ಬಿಡುವುದಿಲ್ಲ. ಹನ್ನೊಂದು ಹಗಲು ಹನ್ನೊಂದು ರಾತ್ರಿ ನೀರು, ಎಲೆ, ಒಂದು ಹಿಡಿ ಕಾಡಿನ ಹಣ್ಣು ತಿಂದು ಬದುಕಿದ್ದನ್ನು ರಮಾಬಾಯಿಯವರೇ ಮುಂದೆ ಬರೆದಿದ್ದಾರೆ.

ಮೊದಲು ತಂದೆ ಹೋದರು. ಕೆಲವೇ ತಿಂಗಳಲ್ಲಿ ತಾಯಿ, ಆಮೇಲೆ ಅಕ್ಕ. ತಾಯಿ ಕೊನೆಯ ಜ್ವರದಲ್ಲಿ ಅನ್ನ ಕೇಳುತ್ತಿದ್ದಾಗ ರಮಾಬಾಯಿ ನೆರೆಮನೆಯ ಬಾಗಿಲಿಗೆ ಹೋದರು. ಬೇಡಿ ಅಭ್ಯಾಸವಿಲ್ಲದ ಹುಡುಗಿಗೆ ನಾಲಿಗೆ ಏಳಲಿಲ್ಲ. ಆ ಮನೆಯಾಕೆಯೇ ಅರ್ಥ ಮಾಡಿಕೊಂಡು ಸಜ್ಜೆ ರೊಟ್ಟಿಯ ಒಂದು ತುಂಡು ಕೊಟ್ಟರು. ತಂದು ಬಾಯಿಗಿಟ್ಟರೆ ತಾಯಿಗೆ ನುಂಗುವ ಶಕ್ತಿ ಉಳಿದಿರಲಿಲ್ಲ. ಹೆಣ ಹೊರಲು ನಾಲ್ಕು ಜನ ಸಿಗಲಿಲ್ಲ. ಬಂದವರು ಇಬ್ಬರು, ಅಣ್ಣ ಶ್ರೀನಿವಾಸ ಮೂರನೆಯವನು, ರಮಾಬಾಯಿ ನಾಲ್ಕನೆಯವರು. ಅವರು ಗಿಡ್ಡ. ಹೆಗಲಿಗೆ ಎಟಕದೆ ಚಟ್ಟದ ತುದಿಯನ್ನು ತಲೆಯ ಮೇಲೆ ಹೊತ್ತು ನಡೆದರು.

ಈ ಕಥೆಯಲ್ಲಿ ಆ ಒಂದು ತುಂಡು ರೊಟ್ಟಿಯನ್ನು ನಾನು ಮರೆಯಲಾರೆ. ನಮ್ಮ ಹುಡುಗಿಯ ಟ್ರಂಕಿನ ಅನ್ನದ ಉಂಡೆಗೂ ಅದಕ್ಕೂ ಏನೋ ನಂಟು ಕಾಣುತ್ತದೆ ನನಗೆ. ಹಸಿವು ಹೊಟ್ಟೆಯಿಂದ ಬೇಗ ಹೋಗುತ್ತದೆ. ನೆನಪಿನಿಂದ ಹೋಗುವುದಿಲ್ಲ.

ಮುಂದಿನದನ್ನು ಬೇಗ ಹೇಳುತ್ತೇನೆ, ಪುಸ್ತಕಗಳಲ್ಲಿ ಎಲ್ಲಾ ಇದೆ. ಅಣ್ಣ ತಂಗಿ ನಡೆದೇ ಊರೂರು ಸುತ್ತಿ 1878ರಲ್ಲಿ ಕಲ್ಕತ್ತೆ ಸೇರಿದರು. ಅಲ್ಲಿನ ವಿದ್ವಾಂಸರು ಇವರ ಸಂಸ್ಕೃತಕ್ಕೆ ಬೆರಗಾಗಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಜಾತಿ ಮೀರಿ ಬಂಗಾಳದ ವಕೀಲರೊಬ್ಬರೊಂದಿಗೆ ಮದುವೆ. ಎರಡು ವರ್ಷ ತುಂಬುವ ಮೊದಲೇ ಗಂಡ ಕಾಲರಾಕ್ಕೆ ತುತ್ತಾದರು. ಕೈಯಲ್ಲಿ ಪುಟ್ಟ ಮಗಳು ಮನೋರಮಾ. ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ, ಅಲ್ಲೇ ಕ್ರೈಸ್ತ ದೀಕ್ಷೆ ಪಡೆದರು. ಅಮೆರಿಕದಲ್ಲಿ ಊರೂರು ಭಾಷಣ ಮಾಡಿ ಹಣ ಕೂಡಿಸಿ, 1889ರ ಮಾರ್ಚ್ 11ರಂದು ಮುಂಬೈಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಅಲ್ಲಿ ಮೊದಲು ಬಂದು ಕಲಿತ ಬಾಲವಿಧವೆ ಗೋದುಬಾಯಿ ಮುಂದೆ ಧೋಂಡೋ ಕೇಶವ ಕರ್ವೆಯವರ ಕೈ ಹಿಡಿದರು. ಆ ಕರ್ವೆಯವರೇ ವಿಧವೆಯರಿಗೆ ಆಶ್ರಮ ಕಟ್ಟಿ, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಸ್ಥಾಪಿಸಿದವರು.

ಇನ್ನು 1896ನೇ ಇಸವಿ. ಮಧ್ಯಪ್ರಾಂತದಲ್ಲಿ ಮತ್ತೆ ಬರ. ಪತ್ರಿಕೆಯಲ್ಲಿ ಬಂದ ಸುದ್ದಿ ಓದಿ ಎಷ್ಟೋ ಜನ ಅಯ್ಯೋ ಎಂದು ಪುಟ ತಿರುಗಿಸಿರಬಹುದು. ರಮಾಬಾಯಿಗೆ ಅದು ಸಾಧ್ಯವಾಗಲಿಲ್ಲ. ತಮ್ಮ ಮನೆಯವರನ್ನು ನುಂಗಿದ ಬರ ಕಣ್ಣ ಮುಂದೆ ಬಂದು ನಿಂತಿತು. ಹೊರಟೇಬಿಟ್ಟರು. ಸರ್ಕಾರ ತೆರೆದಿದ್ದ ಪರಿಹಾರದ ಶಿಬಿರಗಳಲ್ಲಿ ಕಂಡದ್ದು ಮೂಳೆ ಚಕ್ಕಳವಾದ ಮಕ್ಕಳು. ಅದಕ್ಕಿಂತ ಭಯಂಕರವಾಗಿ ಕಂಡದ್ದು, ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ಹಿಡಿದು ಮಾರಲು ಅಲ್ಲೇ ಸುಳಿದಾಡುತ್ತಿದ್ದ ಜನ. ಸುಮಾರು ಮುನ್ನೂರು ಹೆಣ್ಣುಮಕ್ಕಳನ್ನು ಅಲ್ಲಿಂದ ಕರೆತಂದರು. ಕೈಯಲ್ಲಿ ಅಷ್ಟು ಹಣವಿರಲಿಲ್ಲ, ಇರಿಸಿಕೊಳ್ಳಲು ಜಾಗವೂ ಇರಲಿಲ್ಲ. ಅದೇ ಹೊತ್ತಿಗೆ ಪುಣೆಯಲ್ಲಿ ಪ್ಲೇಗು. ಊರೊಳಗೆ ಹೊಸಬರನ್ನು ಸೇರಿಸಿಕೊಳ್ಳಬಾರದೆಂದು ಅಧಿಕಾರಿಗಳ ಕಟ್ಟಪ್ಪಣೆ.

ಪುಣೆಯಿಂದ ಸುಮಾರು ನಲವತ್ತು ಮೈಲಿ ದೂರದ ಕೇಡಗಾಂವ್‌ನಲ್ಲಿ ರಮಾಬಾಯಿ ಮುಂಚೆಯೇ ಸುಮಾರು ನೂರು ಎಕರೆ ಭೂಮಿ ಕೊಂಡು ಹಣ್ಣಿನ ಗಿಡ ನೆಡಿಸಿದ್ದರು. ಅಮೆರಿಕದ ನೆರವು ಹತ್ತು ವರ್ಷಕ್ಕೆ ಮಾತ್ರ ಎಂದು ಗೊತ್ತಿದ್ದ ಅವರು, ಮುಂದೆ ಹಣ್ಣು ಮಾರಿಯಾದರೂ ಸದನ ನಡೆಯಲಿ ಎಂದು ಮಾಡಿದ ಏರ್ಪಾಟು ಅದು. ಆ ಬಯಲಿಗೇ ಮಕ್ಕಳನ್ನು ಕರೆದೊಯ್ದು ಡೇರೆ ಹೊಡೆದು ಇರಿಸಿದರು. ಬಾವಿ ತೋಡಿಸಿದರು. ಗೋಡೆ ಎದ್ದದ್ದು ಆಮೇಲೆ. ಹೀಗೆ ಹುಟ್ಟಿದ್ದು ಮುಕ್ತಿ ಮಿಷನ್.

ಹಣ್ಣು ಬರಲಿ ಎಂದು ತೋಟ ಹಾಕಿದರು, ಮಕ್ಕಳು ಬಂದರು. ಮೂರು ವರ್ಷ ಕಳೆಯುವಷ್ಟರಲ್ಲಿ ಗುಜರಾತಿನಲ್ಲಿ 'ಛಪ್ಪನಿಯಾ' ಎಂದು ಇಂದಿಗೂ ಜನ ನೆನೆಯುವ ಬರ ಬಂತು. 1900ರ ಹೊತ್ತಿಗೆ ಮುಕ್ತಿಯಲ್ಲಿ ಸುಮಾರು ಎರಡು ಸಾವಿರ ಜನ! ಎರಡು ಸಾವಿರ ಜನರಿಗೆ ದಿನಕ್ಕೆ ಎಷ್ಟು ಜೋಳ, ಎಷ್ಟು ಬೇಳೆ ಎಂದು ಲೆಕ್ಕ ಹಾಕಿ ನೋಡಿ. ಅರವತ್ತು ಮಕ್ಕಳಿಗೆ ಅಕ್ಕಿ ಅಳೆಯುವಾಗಲೇ ನಮ್ಮ ದೊಡ್ಡಮ್ಮನ ಹಣೆಯಲ್ಲಿ ಗೆರೆ ಮೂಡುತ್ತಿತ್ತು.

ಇಷ್ಟು ಜನರನ್ನು ನೋಡಿಕೊಂಡವರು ಯಾರು? ಹೊರದೇಶದಿಂದ ಬಂದ ಕೆಲವು ಸೇವಕಿಯರು ಇದ್ದರು, ನಿಜ. ಆದರೆ ಮಕ್ಕಳ ತಲೆ ಬಾಚಿದವರು, ಗಾಯ ತೊಳೆದವರು, ಅಕ್ಷರ ತಿದ್ದಿಸಿದವರು ಹೆಚ್ಚಾಗಿ ಮುಂಚೆ ಅಲ್ಲಿಗೆ ಬಂದು ಸೇರಿದ್ದ ಹೆಣ್ಣುಮಕ್ಕಳೇ. ಹಿಂದಿನ ಬರದಲ್ಲಿ ಎತ್ತಿ ತಂದ ಹುಡುಗಿ ಮುಂದಿನ ಬರದಲ್ಲಿ ಬಂದ ಮಗುವಿಗೆ ಅಕ್ಕನಾದಳು. ದಾರಿ ತಪ್ಪಿಸಲ್ಪಟ್ಟ ಹೆಂಗಸರಿಗೆ ಕೃಪಾ ಸದನ, ವಯಸ್ಸಾದವರಿಗೆ, ಅಶಕ್ತರಿಗೆ ಪ್ರೀತಿ ಸದನ, ಗಂಡುಮಕ್ಕಳಿಗೆ ಸದಾನಂದ ಸದನ, ಕಣ್ಣಿಲ್ಲದವರಿಗೆ ಬಾರ್ತಿಮಾಯ ಎಂಬ ಬೈಬಲಿನ ಕುರುಡನ ಹೆಸರಿನ ಸದನ. ಮಗಳು ಮನೋರಮಾ ಬ್ರೈಲ್ ಕಲಿತು ಬಂದು ಅಂಧ ಹುಡುಗಿಯರ ಬೆರಳಿಗೆ ಓದು ಕಲಿಸಿದರು. ನೇಯ್ಗೆ, ಹೊಲಿಗೆ, ಗಾಣ, ಹೈನು, ತೋಟ, ಅಚ್ಚುಕೂಟ ಎಲ್ಲಾ ಅಲ್ಲೇ.

ಅಚ್ಚುಕೂಟದ ವಿಷಯ ಒಂದು ಮಾತು. ರಮಾಬಾಯಿ ಕೊನೆಯ ವರ್ಷಗಳಲ್ಲಿ ಬೈಬಲನ್ನು ಹೀಬ್ರೂ, ಗ್ರೀಕ್ ಮೂಲದಿಂದಲೇ ಮರಾಠಿಗೆ ತಂದರು. ಹಳ್ಳಿಯ ಹೆಂಗಸಿಗೂ ತಿಳಿಯುವ ಮರಾಠಿ ಇರಬೇಕು ಎಂಬುದು ಅವರ ಹಟ. ಅದಕ್ಕಾಗಿ ನಡು ವಯಸ್ಸು ದಾಟಿದ ಮೇಲೆ ಆ ಎರಡೂ ಭಾಷೆ ಕಲಿತರು. ಒಂದೊಂದೇ ಅಚ್ಚಿನ ಮೊಳೆ ಜೋಡಿಸಿ ಪುಟ ಕಟ್ಟಿದವರು ಆ ಮನೆಯ ಹುಡುಗಿಯರು. ಒಂದು ಕಾಲಕ್ಕೆ ಶಿಬಿರದ ಮೂಲೆಯಲ್ಲಿ ಸಾಯಲು ಬಿದ್ದಿದ್ದ ಕೈಗಳು ಸೀಸದ ಅಕ್ಷರ ಜೋಡಿಸುತ್ತಿವೆ! ಇದನ್ನು ನೋಡುತ್ತಾ ನಿಂತ ತಾಯಿಯ ಮನಸ್ಸಿನಲ್ಲಿ ಏನಿದ್ದಿರಬಹುದು ಎಂದು ನನಗೆ ಸ್ವಲ್ಪ ಗೊತ್ತು ಎಂದುಕೊಳ್ಳುತ್ತೇನೆ. ಅವಲಕ್ಕಿ ಡಬ್ಬಿಯ ರಾತ್ರಿ ನಾನೂ ಬಾಗಿಲಲ್ಲಿ ನಿಂತವಳಲ್ಲವೇ.

ಕನ್ನಡ ನೆಲದಲ್ಲಿ ಹುಟ್ಟಿದ ಈ ತಾಯಿ ಕನ್ನಡ ನೆಲವನ್ನು ಮರೆಯಲೂ ಇಲ್ಲ. ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಗುಲಬರ್ಗಾದಲ್ಲಿ, ಇಂದಿನ ಕಲಬುರಗಿಯಲ್ಲಿ, 1912ರ ಹೊತ್ತಿಗೆ ಒಂದು ಶಾಲೆ ತೆರೆದರು. ಮನೋರಮಾ ಅದರ ಮುಖ್ಯಸ್ಥೆಯಾದರು. ದುಃಖದ ಸಂಗತಿ ಎಂದರೆ ಮಗಳು 1921ರಲ್ಲಿ ತಾಯಿಗಿಂತ ಮುಂಚೆ ತೀರಿಕೊಂಡರು. ಬೈಬಲಿನ ಕೆಲಸ ಮುಗಿಸಿ, 1922ರ ಏಪ್ರಿಲ್ 5ರಂದು ರಮಾಬಾಯಿ ಕಣ್ಣು ಮುಚ್ಚಿದರು. ಕೇಡಗಾಂವ್‌ನ ಮುಕ್ತಿ ಇಂದಿಗೂ ನಡೆಯುತ್ತಿದೆ.

ಇಲ್ಲಿ ಕೆಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿರುತ್ತದೆ. ಅನ್ನ ಕೊಟ್ಟು ಮತ ಕೊಡುವುದೇ ಈ ಸೇವೆ, ಅಲ್ಲವೇ ಎಂದು. ಅದನ್ನು ಮುಚ್ಚಿಟ್ಟು ಮಾತಾಡುವುದು ಪ್ರಾಮಾಣಿಕತೆಯಲ್ಲ. ರಮಾಬಾಯಿಯವರೂ ಅದನ್ನು ಎದುರಿಸಿದರು. ಶಾರದಾ ಸದನದಲ್ಲಿ ಮತಪ್ರಚಾರ ಇಲ್ಲ ಎಂಬುದು ಒಪ್ಪಂದ. ಆದರೆ ಅವರು ತಮ್ಮ ಕೋಣೆಯ ಬಾಗಿಲು ತೆರೆದಿಟ್ಟೇ ಪ್ರಾರ್ಥನೆ ಮಾಡುತ್ತಿದ್ದರು, ಕೆಲವು ಹುಡುಗಿಯರು ಬಂದು ಕೂರುತ್ತಿದ್ದರು. 1893ರಲ್ಲಿ ಇದು ದೊಡ್ಡ ಗಲಾಟೆಯಾಯಿತು. ತಿಲಕರ 'ಕೇಸರಿ' ಪತ್ರಿಕೆ ಕಟುವಾಗಿ ಬರೆಯಿತು. ಬೆಂಬಲಕ್ಕಿದ್ದ ರಾನಡೆ, ಭಂಡಾರ್ಕರ್ ಅಂಥ ಸುಧಾರಕರೂ ಸದನದ ಸಲಹಾ ಮಂಡಳಿಯಿಂದ ಹೊರಬಂದರು. ಹಲವರು ತಮ್ಮ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ಆಮೇಲಿನ ಮುಕ್ತಿ ಮುಚ್ಚುಮರೆಯಿಲ್ಲದೆ ಕ್ರೈಸ್ತ ಸಂಸ್ಥೆಯೇ ಆಗಿತ್ತು. ಅದನ್ನು ಕುರಿತ ವಾದ ಇಂದಿಗೂ ಮುಗಿದಿಲ್ಲ.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ನಾನು ಕ್ರೈಸ್ತಳು. ಅನಾಥರನ್ನೂ ವಿಧವೆಯರನ್ನೂ ಅವರ ಸಂಕಟದಲ್ಲಿ ಹೋಗಿ ನೋಡುವುದೇ ನಿಜವಾದ ಭಕ್ತಿ ಎಂಬ ಅರ್ಥದ ಮಾತು ನಮ್ಮ ಬೈಬಲಿನ ಯಾಕೋಬನ ಪತ್ರಿಕೆಯಲ್ಲಿದೆ. ಬೆಳಿಗ್ಗೆ ಐದಕ್ಕೆ ಏಳಲು ನನಗೆ ಬಲ ಕೊಟ್ಟದ್ದು ಆ ಮಾತು. ಆದರೆ ಹಸಿದ ಮಗುವಿನ ತಟ್ಟೆಯ ಪಕ್ಕ ಷರತ್ತು ಇಡಬಾರದು. ಮಗು ಕೈಗೆ ಬಂದಾಗ ಅದರ ಹೆಸರು, ಅದರ ಮನೆಯ ದೇವರು, ಅದರ ಭಾಷೆ ಅದರ ಜೊತೆಗೇ ಬಂದಿರುತ್ತವೆ. ಅವು ಅದರ ಆಸ್ತಿ. ದೊಡ್ಡಮ್ಮ ಡಬ್ಬಿ ಕೊಟ್ಟಾಗ ಯಾಕೆ ಅಂತ ಕೇಳುವುದಿಲ್ಲ ಎಂದರಲ್ಲ, ನಾನು ಕಂಡ ಒಳ್ಳೆಯ ಮಿಷನರಿ ಕೆಲಸ ಅದು.

ನನ್ನದೇ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಕ್ರಿಸ್ಮಸ್ ಬಂತೆಂದರೆ ನಮ್ಮಲ್ಲಿಗೆ ಅತಿಥಿಗಳು ಬರುತ್ತಿದ್ದರು. ಕೇಕು, ಹೊಸ ಬಟ್ಟೆ, ಕಿತ್ತಳೆ ಹಣ್ಣಿನ ಪೆಟ್ಟಿಗೆ. ನಾನು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಹಾಡು ಹೇಳಿಸಿ, ಒಬ್ಬಳಿಂದ ವಂದನಾರ್ಪಣೆ ಮಾಡಿಸುತ್ತಿದ್ದೆ. "ಅನಾಥರಾದ ನಮ್ಮನ್ನು ನೆನೆದು ಬಂದ ತಮಗೆ" ಎಂದು ಶುರುವಾಗುವ ಆ ಭಾಷಣ ನಾನೇ ಬರೆದುಕೊಟ್ಟದ್ದು. ಒಂದು ವರ್ಷ ಒಂಬತ್ತನೇ ತರಗತಿಯ ಹುಡುಗಿ ಚೆನ್ನಾಗಿಯೇ ಓದಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಅತಿಥಿಗಳು ಹೋದ ಮೇಲೆ ಬಾವಿಕಟ್ಟೆಯಲ್ಲಿ ಪಾತ್ರೆ ತೊಳೆಯುತ್ತಾ ಕೇಳಿದಳು: "ಅಕ್ಕ, ನಾವು ಅನಾಥರು ಅಂತ ಇನ್ನೆಷ್ಟು ವರ್ಷ ಓದಬೇಕು?"

ನನ್ನಲ್ಲಿ ಉತ್ತರ ಇರಲಿಲ್ಲ. ಮರುವರ್ಷದಿಂದ ಆ ಭಾಷಣ ನಿಲ್ಲಿಸಿದೆ. ಸಾಲು ನಿಲ್ಲಿಸುವುದನ್ನೂ ಬಿಟ್ಟೆ. ಬಂದವರು ಮಕ್ಕಳ ಜೊತೆ ಪಂಕ್ತಿಯಲ್ಲಿ ಕೂತು ಊಟ ಮಾಡಬೇಕು, ಮಕ್ಕಳೇ ಬಡಿಸುತ್ತಾರೆ ಎಂದು ಹೊಸ ಪದ್ಧತಿ ತಂದೆ. ಮೊದಲ ಸಲ ಕೆಲವು ಅತಿಥಿಗಳಿಗೆ ಮುಜುಗರವಾಯಿತು. ಮಕ್ಕಳಿಗೆ ಮಾತ್ರ ಹಬ್ಬ. "ಇನ್ನು ಸ್ವಲ್ಪ ಸಾರು ಹಾಕಲಾ?" ಎಂದು ದೊಡ್ಡವರಿಗೆ ಒತ್ತಾಯ ಮಾಡುವಾಗ ಅವರ ಮುಖ ನೋಡಬೇಕಿತ್ತು ನೀವು.

ಕಾಲ ಬದಲಾಗಿದೆ. ರಮಾಬಾಯಿಯಂತೆ ಗಾಡಿ ಕಟ್ಟಿಕೊಂಡು ಹೋಗಿ ಮಕ್ಕಳನ್ನು ಕರೆತರುವ ಹಾಗೆ ಈಗ ಇಲ್ಲ, ಇರಲೂ ಬಾರದು. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ದಿಕ್ಕಿಲ್ಲದ ಮಗು ಸಿಕ್ಕರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಗು ಎಲ್ಲಿರಬೇಕೆಂದು ನಿರ್ಧರಿಸುವುದು ಸಮಿತಿ. ಆಶ್ರಮಗಳು ನೋಂದಣಿಯಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಗುವಿಗೆ ಮೊದಲು ಬೇಕಾದದ್ದು ಕುಟುಂಬ, ಆಶ್ರಮ ಕೊನೆಯ ದಾರಿ ಎಂದು ಆ ಕಾಯಿದೆ ಸ್ಪಷ್ಟವಾಗಿ ಹೇಳುತ್ತದೆ. ಶುರುವಿನಲ್ಲಿ ನಮಗೆ ಇದು ಕಿರಿಕಿರಿ ಎನಿಸಿತು. ಎಷ್ಟು ಫಾರಂ, ಎಷ್ಟು ಓಡಾಟ! ಆದರೆ ಕಡತ ತೆಗೆದು ಒಂದೊಂದೇ ಮಗುವಿನ ಹಿನ್ನೆಲೆ ಹುಡುಕಲು ಹೊರಟಾಗ ಕಣ್ಣು ತೆರೆಯಿತು. ಅನಾಥ ಎಂದು ನಾವು ಬರೆದುಕೊಂಡಿದ್ದ ಎಷ್ಟೋ ಮಕ್ಕಳಿಗೆ ಎಲ್ಲೋ ಒಬ್ಬ ಅಜ್ಜಿ, ಒಬ್ಬ ಸೋದರಮಾವ, ಬಡತನಕ್ಕೆ ಹೆದರಿ ದೂರವಾದ ತಾಯಿ ಇದ್ದರು.

ಒಬ್ಬ ಹುಡುಗಿಯ ಚಿಕ್ಕಮ್ಮ ಘಟ್ಟದ ಮೇಲಿನ ಕಾಫಿ ತೋಟದ ಲೈನ್ ಮನೆಯಲ್ಲಿ ಸಿಕ್ಕಿದರು. ನಾಲ್ಕು ತಿಂಗಳ ಓಡಾಟದ ನಂತರ ಸಮಿತಿ ಒಪ್ಪಿತು. ಕರೆದೊಯ್ಯಲು ಬಂದ ಚಿಕ್ಕಮ್ಮ ಹುಡುಗಿಯ ಕಿವಿಯ ಹಿಂದಿನ ಮಚ್ಚೆ ಮುಟ್ಟಿ ನೋಡಿ, "ನಮ್ಮಕ್ಕನಿಗೂ ಇಲ್ಲೇ ಇತ್ತು" ಎಂದು ಅತ್ತರು. ಸಂಜೆ ಬಸ್ಸು ಹತ್ತಿಸಿ ಬಂದು ನೋಡಿದರೆ ಕೋಣೆಯಲ್ಲಿ ಒಂದು ಹಾಸಿಗೆ ಸುತ್ತಿಟ್ಟಿತ್ತು. ಎದೆ ಭಾರವಾಯಿತು. ಆದರೆ ಅದು ದುಃಖ ಎಂದರೆ ಸುಳ್ಳು ಹೇಳಿದ ಹಾಗೆ. ನಮ್ಮ ಮನೆಯಲ್ಲಿ ಒಂದು ಹಾಸಿಗೆ ಖಾಲಿಯಾದರೆ ಎಲ್ಲೋ ಒಂದು ಮನೆ ತುಂಬಿದೆ ಎಂದು ಲೆಕ್ಕ.

ಮನೆ ಸಿಗದೆ ನಮ್ಮಲ್ಲೇ ಬೆಳೆದವರೂ ಇದ್ದಾರೆ. ಹತ್ತನೇ ತರಗತಿಯ ಫಲಿತಾಂಶದ ದಿನ ಫೋನಿನ ಸುತ್ತ ಗುಂಪುಗೂಡಿ ನಿಂತವರು. ಮೊದಲ ಸಂಬಳದಲ್ಲಿ ದೊಡ್ಡಮ್ಮನಿಗೆ ಸೀರೆ ತಂದವರು. ನರ್ಸು, ಟೀಚರು, ಟೈಲರು, ಬೇಕರಿ ಇಟ್ಟವಳು ಒಬ್ಬಳು. ಮದುವೆಯಾಗಿ ಹೋದ ಒಬ್ಬಳು ಏಳನೇ ತಿಂಗಳಲ್ಲಿ ಫೋನು ಮಾಡಿ, "ಅಕ್ಕ, ಅತ್ತೆ ಕೇಳ್ತಿದ್ದಾರೆ, ಬಾಣಂತನಕ್ಕೆ ತವರಿಗೆ ಯಾವಾಗ ಹೋಗ್ತೀ ಅಂತ. ಏನು ಹೇಳಲಿ?" ಎಂದಳು. ನಾನು ಪಕ್ಕದಲ್ಲಿದ್ದ ದೊಡ್ಡಮ್ಮನ ಮುಖ ನೋಡಿದೆ. ಅವರು ಫೋನು ಕಸಿದುಕೊಂಡು, "ಬರುವ ತಿಂಗಳು ಹತ್ತನೇ ತಾರೀಕಿಗೆ ಕರ್ಕೊಂಡು ಬರ್ಲಿಕ್ಕೆ ಬರ್ತೇವೆ ಅಂತ ಹೇಳು" ಎಂದರು.

ಆಮೇಲೆ ನಮ್ಮ ಆಶ್ರಮ ಆಶ್ರಮವಾಗಿ ಉಳಿಯಲಿಲ್ಲ. ಹಂಡೆಯಲ್ಲಿ ಬಿಸಿನೀರು, ಓಮದ ಕಷಾಯ, ಬೆಳ್ಳುಳ್ಳಿ ಸಾರು, ಅಂಗಳದ ಹಗ್ಗದ ತುಂಬ ಬಿಳಿ ಬಟ್ಟೆ. ಅರವತ್ತು ಜನ ಚಿಕ್ಕಮ್ಮಂದಿರು ಸರದಿಯಲ್ಲಿ ತೊಟ್ಟಿಲು ತೂಗಿದರು. ಅವರಲ್ಲಿ ಮೂರನೇ ತರಗತಿಯವಳೊಬ್ಬಳು ಮಗುವಿನ ಮುಖ ನೋಡಿ ನೋಡಿ, "ಇದಕ್ಕೆ ಅಮ್ಮ ಇದ್ದಾರಲ್ಲ ಅಕ್ಕ" ಎಂದಳು. ಅವಳ ದನಿಯಲ್ಲಿ ಅಸೂಯೆ ಇರಲಿಲ್ಲ. ಎಲ್ಲರ ಪರವಾಗಿ ಸಮಾಧಾನಪಟ್ಟುಕೊಂಡ ಹಾಗಿತ್ತು.

ದೊಡ್ಡಮ್ಮ ಈಗಿಲ್ಲ. ಅವರ ಅಂತ್ಯಕ್ರಿಯೆಯ ದಿನ ಪೆಟ್ಟಿಗೆಗೆ ಹೆಗಲು ಕೊಡಲು ನಾ ಮುಂದು ತಾ ಮುಂದು ಎಂದು ಹೆಣ್ಣುಮಕ್ಕಳೇ ಮುಂದೆ ಬಂದರು. ತಾಯಿಯ ಚಟ್ಟ ಹೊರಲು ಜನ ಸಾಲದೆ ತಲೆಯ ಮೇಲೆ ಹೊತ್ತ ರಮಾಬಾಯಿ ಅವತ್ತು ನನಗೆ ನೆನಪಾದರು. ಸ್ವಂತ ಮಕ್ಕಳಿಲ್ಲದ ನಮ್ಮ ದೊಡ್ಡಮ್ಮನಿಗೆ ಹೊರುವವರು ಹೆಚ್ಚಾಗಿ ಸರದಿ ಮಾಡಬೇಕಾಯಿತು.

ಕೊನೆಯದಾಗಿ ಎರಡು ಮಾತು. ನಿಮ್ಮ ಊರಿನ ಬಸ್ ನಿಲ್ದಾಣದಲ್ಲಿ, ರೈಲು ನಿಲ್ದಾಣದಲ್ಲಿ, ಸಂತೆಯಲ್ಲಿ ದಿಕ್ಕಿಲ್ಲದ ಮಗು ಕಂಡರೆ ಸುಮ್ಮನೆ ಹೋಗಬೇಡಿ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಬೀಳುವುದಿಲ್ಲ. ನೀವು ಯಾವ ಮತದವರೂ ಆಗಿರಿ, ಆ ಮಗುವಿಗೆ ಅದು ಮುಖ್ಯವಲ್ಲ.

ಇನ್ನೊಂದು, ನಿಮ್ಮ ಹತ್ತಿರದ ಮಕ್ಕಳ ಮನೆಗೆ ಹೋಗುವ ಮನಸ್ಸಿದ್ದರೆ ಹಬ್ಬದ ದಿನ ಹೋಗಬೇಡಿ. ಅವತ್ತು ಎಲ್ಲರೂ ಹೋಗುತ್ತಾರೆ, ಕೇಕು ಮಿಕ್ಕುತ್ತದೆ. ಅಲ್ಲಿಯವರ ಒಪ್ಪಿಗೆ ಪಡೆದು ಜೂನಿನಲ್ಲಿ ಹೋಗಿ. ಶಾಲೆ ಶುರುವಾಗಿರುತ್ತದೆ, ಮಳೆ ಹಿಡಿದಿರುತ್ತದೆ, ಕೊಡೆ ಸಾಲದು, ಗಣಿತ ಹೇಳಿಕೊಡಲು ಜನ ಇರುವುದಿಲ್ಲ. ವಾರಕ್ಕೆ ಎರಡು ಗಂಟೆ ಸಾಕು. ಫೋಟೋ ತೆಗೆಯಬೇಡಿ. ಮಕ್ಕಳು ಬಡಿಸಿದರೆ ಬೇಡ ಎನ್ನದೆ ಊಟ ಮಾಡಿ ಬನ್ನಿ.